ನಡಿಗೆ, ಲೆಕ್ಕ, ಸಾಕ್ಷ್ಯ: ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಒಂದು ಪರೀಕ್ಷೆಯ ವಿಮರ್ಶೆ

೧

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ಈ ಶಾಸನಪಾಠದಲ್ಲಿ ೨೫೬ ಎಂಬ ಸಂಖ್ಯೆಯೊಂದು ಬರುತ್ತದೆ. ಸಂಖ್ಯೆ ಸ್ಪಷ್ಟವಾಗಿದೆ, ಅದನ್ನು ಓದುವುದರಲ್ಲಿ ತೊಡಕಿಲ್ಲ. ಆದರೆ ಅದು ಯಾವುದರ ಸಂಖ್ಯೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ವಾದ ನಡೆಯಿತು. ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳು ಎಂದು ಬ್ಯೂಲರ್ ತಿಳಿದರು. ಪ್ರವಾಸದಲ್ಲಿ ಕಳೆದ ರಾತ್ರಿಗಳು ಎಂಬುದು ಅನಂತರದ ವಿದ್ವಾಂಸರಲ್ಲಿ ಹಲವರ ಮತ. ಮೊದಲನೆಯದನ್ನು ಒಪ್ಪಿದರೆ ಬುದ್ಧನ ಕಾಲನಿರ್ಣಯವೇ ಈ ಅಂಕೆಯ ಮೇಲೆ ನಿಲ್ಲುತ್ತದೆ. ಎರಡನೆಯದನ್ನು ಒಪ್ಪಿದರೆ ಅದು ಒಂದು ಸಂಚಾರದ ಲೆಕ್ಕ ಮಾತ್ರವಾಗುತ್ತದೆ. ಅಂಕೆ ಒಂದೇ, ಅರ್ಥ ಎರಡು.

ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯಲಾರದು. ಅಂಕೆಯು ಎಷ್ಟೇ ಖಚಿತವಾಗಿರಲಿ, ಅದನ್ನು ಯಾರು, ಎಲ್ಲಿ, ಯಾವ ಉದ್ದೇಶದಿಂದ, ಯಾವುದನ್ನು ಎಣಿಸಿ ಬರೆದರು ಎಂಬುದನ್ನು ವಿಚಾರಿಸದೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬಾರದು. ಈ ಪಾಠವನ್ನು ಶಾಸನಗಳಿಗೆ ಮಾತ್ರವೇ ಅಲ್ಲದೆ ವೈದ್ಯಶಾಸ್ತ್ರದ ಒಂದು ಅಳತೆಗೂ ಅನ್ವಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿಯುಳ್ಳವರನ್ನು ನಡೆಯಹೇಳಿ, ನಡೆಯುತ್ತಿರುವಾಗಲೇ ಮನಸ್ಸಿಗೆ ಒಂದು ಕೆಲಸವನ್ನು ಕೊಟ್ಟು, ಅದರಿಂದ ನಡಿಗೆಯು ಎಷ್ಟು ಕುಂದಿತೆಂದು ಎಣಿಸುವ ಪರೀಕ್ಷೆಯೇ ಆ ಅಳತೆ. ಈ ಲೇಖಕನು ವೈದ್ಯನಲ್ಲ. ರೋಗದ ಚಿಕಿತ್ಸೆಯ ವಿಷಯದಲ್ಲಿ ಅವನಿಗೆ ಹೇಳುವ ಅಧಿಕಾರವಿಲ್ಲ. ಅಂಕೆಯೊಂದು ಸಾಕ್ಷ್ಯವಾಗುವ ಬಗೆಯನ್ನು ಕುರಿತು ಮಾತ್ರ ಅವನು ಪ್ರಶ್ನೆಗಳನ್ನು ಕೇಳಬಲ್ಲನು. ಆ ಪ್ರಶ್ನೆಗಳನ್ನು ತನಗೆ ಪರಿಚಿತವಾದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ನೆಲದ ಮೇಲೆ ನಿಂತು ಕೇಳುತ್ತಿದ್ದಾನೆ.

೨

ಮೊದಲು ರೋಗದ ಸ್ವರೂಪವನ್ನು ಸಂಗ್ರಹವಾಗಿ ತಿಳಿಯಬೇಕು. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆಯಿದೆ. ಸಂದೇಶಗಳು ತಂತುವಿನಲ್ಲಿ ಶೀಘ್ರವಾಗಿ ಹರಿಯಲು ಇದು ಅವಶ್ಯಕ. ಈ ವ್ಯಾಧಿಯಲ್ಲಿ ದೇಹದ ರಕ್ಷಣಾಶಕ್ತಿಯೇ ಆ ಹೊದಿಕೆಯ ಮೇಲೆ ತಿರುಗಿ ಬೀಳುತ್ತದೆ. ಅಲ್ಲಲ್ಲಿ ಹೊದಿಕೆಯು ನಾಶವಾಗಿ, ಆ ಸ್ಥಳಗಳು ಗಟ್ಟಿಗಲೆಗಳಾಗುತ್ತವೆ. ೧೮೬೮ರಲ್ಲಿ ಪ್ಯಾರಿಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಷಾರ್ಕೊ ಎಂಬ ವೈದ್ಯನು ಇದನ್ನು ಒಂದು ಪ್ರತ್ಯೇಕ ರೋಗವೆಂದು ವಿವರಿಸಿದನು. ಸಾಮಾನ್ಯವಾಗಿ ೨೦ರಿಂದ ೪೦ರ ವಯಸ್ಸಿನೊಳಗೆ ಇದು ಕಾಣಿಸಿಕೊಳ್ಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ನಡಿಗೆಯ ತೊಂದರೆಯೂ ಯೋಚನೆಯ ವೇಗ ಕುಗ್ಗುವುದೂ ಇದರ ಎರಡು ಮುಖ್ಯ ಲಕ್ಷಣಗಳು.

ಈ ಎರಡನ್ನೂ ಬಹುಕಾಲ ಬೇರೆ ಬೇರೆಯಾಗಿ ಅಳೆಯುತ್ತಿದ್ದರು. ಒಂದು ಕೊಠಡಿಯಲ್ಲಿ ೨೫ ಅಡಿಗಳ ನಡಿಗೆಗೆ ಎಷ್ಟು ಸೆಕೆಂಡುಗಳು ಹಿಡಿದವೆಂದು ನೋಡುವುದು, ಇನ್ನೊಂದು ಕೊಠಡಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಮನಸ್ಸಿನ ಪರೀಕ್ಷೆ ಮಾಡುವುದು. ಇವೆರಡನ್ನೂ ಕೂಡಿಸಬೇಕೆಂಬ ವಿಚಾರಕ್ಕೆ ಬಲಕೊಟ್ಟುದು ವೃದ್ಧರನ್ನು ಕುರಿತ ಒಂದು ಸರಳವಾದ ಅವಲೋಕನ. ಸ್ವೀಡನ್ನಿನ ಉಮಿಯೊ ಎಂಬಲ್ಲಿ ಲುಂಡಿನ್-ಓಲ್ಸನ್, ನೈಬರ್ಗ್, ಗುಸ್ತಾಫ್ಸನ್ ಎಂಬ ಸಂಶೋಧಕರು ೫೮ ಮಂದಿ ವೃದ್ಧರೊಡನೆ ನಡೆಯುತ್ತ ಮಾತು ತೆಗೆದರು. ೧೨ ಮಂದಿ ಮಾತಾಡಲು ತೊಡಗಿದಾಗ ನಡಿಗೆಯನ್ನು ನಿಲ್ಲಿಸಿದರು. ಮುಂದಿನ ಆರು ತಿಂಗಳುಗಳಲ್ಲಿ ಆ ೧೨ರಲ್ಲಿ ೧೦ ಮಂದಿ ಬಿದ್ದರು. ೧೯೯೭ರಲ್ಲಿ ಪ್ರಕಟವಾದ ಈ ಕಿರುಲೇಖನವು ನಡಿಗೆಗೂ ಗಮನಕ್ಕೂ ಇರುವ ಸಂಬಂಧವನ್ನು ಎಲ್ಲರ ಕಣ್ಣಿಗೂ ತಂದಿತು. ನಡಿಗೆಯು ತಾನಾಗಿ ಸಾಗುವ ಕ್ರಿಯೆಯೆಂದು ನಾವು ಭಾವಿಸುತ್ತೇವೆ. ನರಮಾರ್ಗಗಳು ಕೆಟ್ಟವನಿಗೆ ಅದು ಹಾಗಲ್ಲ. ಪ್ರತಿಯೊಂದು ಹೆಜ್ಜೆಗೂ ಅವನು ಗಮನವೆಂಬ ಬೆಲೆಯನ್ನು ತೆರಬೇಕು. ಗಮನವು ಪರಿಮಿತವಾದ ಒಂದು ಬಂಡವಾಳವೆಂದು ಮನಶ್ಶಾಸ್ತ್ರಜ್ಞ ಕಾನೆಮನ್ ೧೯೭೩ರಲ್ಲಿ ಪ್ರತಿಪಾದಿಸಿದ್ದನು. ಅದರಂತೆ, ನಡಿಗೆಗೆ ಹೆಚ್ಚು ವ್ಯಯವಾದರೆ ಯೋಚನೆಗೆ ಉಳಿಯುವುದು ಕಡಿಮೆ.

ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಲ್ಲಿ ಈ ವಿಷಯವನ್ನು ಪರೀಕ್ಷಿಸಿದವರಲ್ಲಿ ಗ್ಲಾಸ್ಗೋ ನಗರದ ಹ್ಯಾಮಿಲ್ಟನ್ ಮತ್ತು ಸಹೋದ್ಯೋಗಿಗಳ ೨೦೦೯ರ ಪ್ರಯತ್ನವು ಗಮನಾರ್ಹ. ಅನಂತರ ಇಂಥ ಅಧ್ಯಯನಗಳು ಬೆಳೆದು, ೨೦೧೫ರ ಹೊತ್ತಿಗೆ ಅವುಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಸಮೀಕ್ಷಾಲೇಖನಗಳೇ ಹೊರಬಂದವು. ಎಲ್ಲದರಲ್ಲಿಯೂ ಬಳಸುವ ಸೂತ್ರವು ಪ್ರಾಯಶಃ ಒಂದೇ. ಬರಿಯ ನಡಿಗೆಯ ವೇಗದಿಂದ, ಲೆಕ್ಕ ಮಾಡುತ್ತ ನಡೆದ ವೇಗವನ್ನು ಕಳೆದು, ಬಂದುದನ್ನು ಬರಿಯ ನಡಿಗೆಯ ವೇಗದಿಂದ ಭಾಗಿಸಿ, ನೂರರಿಂದ ಗುಣಿಸುವುದು. ಇದನ್ನು ಇಮ್ಮಡಿ ಕೆಲಸದ ಬೆಲೆ ಎಂದು ಕರೆಯಬಹುದು.

೩

ಈ ಬೆಲೆಯ ಅಂಕೆಯನ್ನು ಇನ್ನು ವಿಮರ್ಶಿಸೋಣ. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒಬ್ಬ ರೋಗಿಯು ೨೫ ಅಡಿಗಳನ್ನು ೬ ಸೆಕೆಂಡುಗಳಲ್ಲಿ ನಡೆಯುತ್ತಾನೆ. ಲೆಕ್ಕವನ್ನು ಕೊಟ್ಟಾಗ ಏಳೂವರೆ ಸೆಕೆಂಡುಗಳು ಹಿಡಿಯುತ್ತವೆ. ಇನ್ನೊಬ್ಬನಿಗೆ ಬರಿಯ ನಡಿಗೆಗೆ ೧೦ ಸೆಕೆಂಡುಗಳು, ಲೆಕ್ಕದೊಡನೆ ಹನ್ನೆರಡೂವರೆ. ಸೂತ್ರದ ಪ್ರಕಾರ ಇಬ್ಬರ ವೇಗವೂ ಶೇಕಡ ೨೦ರಷ್ಟು ಕುಂದಿತು. ಕಾಗದದ ಮೇಲೆ ಇಬ್ಬರೂ ಸಮಾನರು. ಆದರೆ ೫೦ ಅಡಿ ಅಗಲದ ರಸ್ತೆಯೊಂದನ್ನು ಇವರು ಮಾತಾಡುತ್ತ ದಾಟಬೇಕಾಗಿ ಬಂದರೆ, ಮೊದಲನೆಯವನಿಗೆ ೩ ಸೆಕೆಂಡುಗಳು ಅಧಿಕವಾಗಿ ಬೇಕು, ಎರಡನೆಯವನಿಗೆ ೫ ಸೆಕೆಂಡುಗಳು. ಒಬ್ಬನು ೧೫ ಸೆಕೆಂಡುಗಳಲ್ಲಿ ದಾಟಿ ಮುಗಿಸುತ್ತಾನೆ. ಇನ್ನೊಬ್ಬನು ೨೫ ಸೆಕೆಂಡುಗಳ ಕಾಲ ವಾಹನಗಳ ಎದುರಿನಲ್ಲಿರುತ್ತಾನೆ. ಚಳ್ಳಕೆರೆಯ ಮೂಲಕ ಹಾದುಹೋಗುವ ಬಳ್ಳಾರಿ ರಸ್ತೆಯನ್ನು ನೋಡಿದವರಿಗೆ ಈ ವ್ಯತ್ಯಾಸದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಶೇಕಡಾವಾರು ಪ್ರಮಾಣವು ಹೋಲಿಕೆಗೆ ಅನುಕೂಲ. ಅಪಾಯದ ಅಳತೆಗೆ ಸಾಲದು.

ಎರಡನೆಯ ದೋಷವು ಇದಕ್ಕಿಂತ ಗಂಭೀರವಾದುದು. ನಡಿಗೆಯ ವೇಗವನ್ನು ಮಾತ್ರ ಬರೆದುಕೊಂಡು, ಲೆಕ್ಕದ ಉತ್ತರಗಳನ್ನು ಬರೆದುಕೊಳ್ಳದೆ ಬಿಟ್ಟ ಅಧ್ಯಯನಗಳಿವೆ. ಇದು ಜಮೆಯನ್ನು ಬರೆದು ಖರ್ಚನ್ನು ಬಿಟ್ಟ ಖಾತೆಯಂತೆ. ಲೆಕ್ಕವನ್ನು ಅರ್ಧಕ್ಕೆ ಕೈಬಿಟ್ಟು ಕಾಲಿನ ಕಡೆಗೆ ಪೂರ್ತಿ ಗಮನಕೊಟ್ಟವನು ವೇಗವಾಗಿಯೇ ನಡೆದುಬಿಡಬಹುದು. ಅವನು ತೆತ್ತ ಬೆಲೆ ಸೊನ್ನೆಯೆಂದು ಸೂತ್ರವು ಹೇಳುತ್ತದೆ. ಲೆಕ್ಕವನ್ನು ತಪ್ಪಿಲ್ಲದೆ ಮಾಡುವ ಹಟದಿಂದ ಹೆಜ್ಜೆಯನ್ನು ನಿಧಾನಿಸಿದವನಿಗೆ ಸೂತ್ರವು ದೊಡ್ಡ ಬೆಲೆಯನ್ನು ಕಟ್ಟುತ್ತದೆ. ವಾಸ್ತವದಲ್ಲಿ ಇಬ್ಬರೂ ಒಂದೇ ಬಂಡವಾಳವನ್ನು ಬೇರೆ ಬೇರೆ ಕಡೆಗೆ ಹಂಚಿದ್ದಾರೆ, ಅಷ್ಟೆ. ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟುಕೊಟ್ಟರು ಎಂಬುದೇ ಇಲ್ಲಿ ಮುಖ್ಯ ವಿಷಯವಾಗಿರುವಾಗ ಅದನ್ನೇ ದಾಖಲಿಸದಿರುವುದು ಸಾಕ್ಷ್ಯನಾಶಕ್ಕೆ ಸಮಾನ. ಇದಲ್ಲದೆ ೨೫ ಅಡಿಗಳ ದೂರವೂ ಸಾಲದು. ಏಳೆಂಟು ಸೆಕೆಂಡುಗಳಲ್ಲಿ ಎರಡು ಮೂರು ಉತ್ತರಗಳು ಬಂದಾವು. ಅವುಗಳಿಂದ ತಪ್ಪಿನ ಪ್ರಮಾಣವನ್ನು ಕಟ್ಟಲಾಗದು. ಒಂದೆರಡು ನಿಮಿಷಗಳ ಕಾಲ ನಡೆಸಿ ನೋಡಿದ ಅಧ್ಯಯನಗಳು ಈ ದೃಷ್ಟಿಯಿಂದ ಹೆಚ್ಚು ನಂಬಲರ್ಹ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ರೋಗವಿಲ್ಲದವರೂ ಲೆಕ್ಕ ಮಾಡುತ್ತ ನಡೆಯುವಾಗ ನಿಧಾನವಾಗುತ್ತಾರೆ. ರೋಗಿಗಳಲ್ಲಿ ಈ ಕುಂದುವಿಕೆಯು ಆರೋಗ್ಯವಂತರಿಗಿಂತ ನಿಶ್ಚಯವಾಗಿ ಅಧಿಕವೇ ಎಂಬ ಬಗ್ಗೆ ಸಂಶೋಧನೆಗಳು ಒಮ್ಮತಕ್ಕೆ ಬಂದಿಲ್ಲ. ಕೆಲವು ಅಧಿಕವೆನ್ನುತ್ತವೆ, ಕೆಲವು ಸಮವೆನ್ನುತ್ತವೆ. ಈ ಭಿನ್ನಾಭಿಪ್ರಾಯವನ್ನು ಕಂಡು ರೋಗಿಯ ಕಷ್ಟವೇ ಕಲ್ಪಿತವೆಂದು ತಿಳಿಯುವುದು ತಪ್ಪು. ಪ್ರಮಾಣವು ಸಮವಾಗಿದ್ದರೂ ಮೂಲಧನವು ಸಮವಲ್ಲ. ನೂರು ರೂಪಾಯಿ ಇರುವವನು ಇಪ್ಪತ್ತನ್ನು ಕಳೆದುಕೊಂಡುದಕ್ಕೂ ಹತ್ತೇ ಇರುವವನು ಎರಡನ್ನು ಕಳೆದುಕೊಂಡುದಕ್ಕೂ ವ್ಯತ್ಯಾಸವುಂಟು.

೪

ಮನಸ್ಸಿಗೆ ಕೊಡುವ ಕೆಲಸವು ಯಾವುದು? ಹೆಚ್ಚಾಗಿ ಬಳಕೆಯಲ್ಲಿರುವುವು ಎರಡು. ನೂರರಿಂದ ಏಳೇಳನ್ನು ಕಳೆಯುತ್ತ ೯೩, ೮೬, ೭೯ ಎಂದು ಹೇಳುತ್ತ ಹೋಗುವುದು ಒಂದು. ಒಂದು ಗೊತ್ತಾದ ಅಕ್ಷರದಿಂದ ಮೊದಲಾಗುವ ಪದಗಳನ್ನು ಸಾಧ್ಯವಾದಷ್ಟು ಹೇಳುವುದು ಇನ್ನೊಂದು. ಇವೆರಡೂ ಶಾಲೆಯ ಮಕ್ಕಳು. ಕೂಲಿಮಠದಲ್ಲಿ ಮಗ್ಗಿಯನ್ನು ಬಾಯಿಪಾಠ ಮಾಡಿದ ಹಿಂದಿನ ತಲೆಮಾರಿನವರು ಏಳರ ಮಗ್ಗಿಯನ್ನು ನಿದ್ದೆಯಲ್ಲಿಯೂ ಹೇಳಿಯಾರು. ನೂರರಿಂದ ಹಿಂದಕ್ಕೆ ಬರುವುದು ಅವರಿಗೂ ಹೊಸದು. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಇದು ಲೆಕ್ಕಕ್ಕಿಂತ ಹೆಚ್ಚಾಗಿ ಒಂದು ಭಯ.

ಅಕ್ಷರದ ಪರೀಕ್ಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಕೊಟ್ಟು ಪದಗಳನ್ನು ಕೇಳುವುದು ಸುಲಭ. ಕನ್ನಡದಲ್ಲಿ ‘ಕ’ ಎಂದು ಕೇಳಿದರೆ ‘ಕಾಗೆ’, ‘ಕಿವಿ’, ‘ಕುರಿ’, ‘ಕೋಲು’ ಇವೆಲ್ಲ ಸಲ್ಲುತ್ತವೆಯೋ, ‘ಕಡಲೆ’, ‘ಕಲ್ಲು’, ‘ಕಂಬಳಿ’ ಎಂಬಂಥವು ಮಾತ್ರ ಸಲ್ಲುತ್ತವೆಯೋ? ಕಾಗುಣಿತವನ್ನು ಕಲಿತವನು ಒಂದು ರೀತಿಯಲ್ಲಿ ಎಣಿಸುತ್ತಾನೆ. ಓದು ಬಾರದವನಿಗೆ ಅಕ್ಷರವೆಂಬ ಕಲ್ಪನೆಯೇ ಇಲ್ಲ. ಮೇಲಾಗಿ ಮೊಳಕಾಲ್ಮೂರು ಆಂಧ್ರದ ರಾಯದುರ್ಗಕ್ಕೆ ಸೇರಿದಂತಿರುವ ಗಡಿ ತಾಲ್ಲೂಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ ಎಂಬುದು ಇಲ್ಲಿ ಸಾಮಾನ್ಯ. ಪರೀಕ್ಷಕನು ಯಾವ ಭಾಷೆಯಲ್ಲಿ ಕೇಳಿದನೆಂಬುದನ್ನು ಬರೆಯದೆ ಬಂದ ಅಂಕೆಯು ರೋಗವನ್ನು ಹೇಳುತ್ತದೆಯೋ ಭಾಷೆಯನ್ನು ಹೇಳುತ್ತದೆಯೋ ಎಂದು ನಿರ್ಣಯಿಸುವವರಾರು?

ಹಾಗಾದರೆ ಈ ಸೀಮೆಯ ಜನರು ನಡೆಯುತ್ತ ಯೋಚಿಸುವುದೇ ಇಲ್ಲವೇ? ಯಾವಾಗಲೂ ಯೋಚಿಸುತ್ತಾರೆ. ಮ್ಯಾಸನಾಯಕರ ದೇವರ ಎತ್ತುಗಳ ಹಿಂದೆ ಹೋಗುವ ಕಿಲಾರಿಯು ಮುಳ್ಳುಕಂಟಿಯ ನಡುವೆ ಹೆಜ್ಜೆ ಹಾಕುತ್ತ, ಮಂದೆಯಲ್ಲಿ ಯಾವುದು ಹಿಂದುಳಿಯಿತೆಂದು ಬಣ್ಣ, ಕೊಂಬು, ನಡೆಗಳಿಂದ ಗುರುತಿಸುತ್ತಿರುತ್ತಾನೆ. ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಹೆಗಲ ಮೇಲೆ ಕಂಬಳಿಗಳನ್ನು ಹೊತ್ತು ಜನರ ನಡುವೆ ಸಾಗುವವನು ಅಸಲು, ಲಾಭ, ಎದುರಿಗಿರುವವನ ಮುಖಭಾವ ಮೂರನ್ನೂ ಏಕಕಾಲದಲ್ಲಿ ತೂಗುತ್ತಾನೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ನೇಯುವವನು ನಡೆಯುವುದಿಲ್ಲ. ಆದರೆ ಗುಂಡಿಮಗ್ಗದಲ್ಲಿ ಕಾಲಿನಿಂದ ಹಲಗೆಗಳನ್ನು ಮೆಟ್ಟುತ್ತ, ಕೈಯಿಂದ ಲಾಳಿಯನ್ನು ಓಡಿಸುತ್ತ, ಅಂಚಿನ ಹೂವಿಗೆ ಎಷ್ಟು ಎಳೆಗಳಾದವೆಂಬ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆದ ಆ ಸೀರೆಯು ಕಾಲೂ ಮನಸ್ಸೂ ಕೂಡಿ ಮಾಡಿದ ಕೆಲಸದ ಫಲ. ಇಂಥವರಲ್ಲಿ ಒಬ್ಬರಿಗೆ ಈ ವ್ಯಾಧಿಯು ಬಂದರೆ, ಅವರು ಕಳೆದುಕೊಂಡುದು ಏನೆಂಬುದನ್ನು ಏಳರ ಕಳೆಯುವ ಲೆಕ್ಕವು ತಿಳಿಸಲಾರದು.

ಆದರೆ ಇಲ್ಲಿ ಎಚ್ಚರಿಕೆಯೊಂದು ಅವಶ್ಯಕ. ಸ್ಥಳೀಯವಾದ ಕೆಲಸವನ್ನು ಕೊಟ್ಟ ಮಾತ್ರಕ್ಕೆ ಪರೀಕ್ಷೆಯು ನ್ಯಾಯವಾಗುವುದಿಲ್ಲ. ಮೂವತ್ತು ವರ್ಷಗಳಿಂದ ಮಂದೆಯನ್ನು ಕಾಯ್ದವನಿಗೆ ದನಗಳನ್ನು ಗುರುತಿಸುವುದು ಉಸಿರಾಟದಷ್ಟು ಸಹಜ; ಅದರಿಂದ ಗಮನಕ್ಕೆ ಭಾರವೇ ಬೀಳದೆ ರೋಗವು ಮರೆಯಾಗಬಹುದು. ಕೆಲಸವು ಪರಿಚಿತವಾಗಿರಬೇಕು, ಆದರೆ ರೂಢಿಯಿಂದ ಸವೆದುಹೋಗಿರಬಾರದು. ಗ್ಲಾಸ್ಗೋವಿನವರು ಈ ಕಷ್ಟಕ್ಕೆ ಒಂದು ದಾರಿಯನ್ನು ತೋರಿಸಿದ್ದಾರೆ. ಅಂಕೆಗಳ ಸಾಲನ್ನು ಕೇಳಿ ಮರಳಿ ಹೇಳುವ ಕೆಲಸವನ್ನು ಕೊಡುವಾಗ, ಎಲ್ಲರಿಗೂ ಸಮಾನವಾದ ಸಾಲನ್ನು ಕೊಟ್ಟು ನೋಡಿದುದಲ್ಲದೆ, ಪ್ರತಿಯೊಬ್ಬನೂ ಕುಳಿತಾಗ ಎಷ್ಟನ್ನು ನೆನಪಿಡಬಲ್ಲನೆಂದು ಮೊದಲು ತಿಳಿದು ಅವನ ಶಕ್ತಿಗೆ ತಕ್ಕ ಸಾಲನ್ನೂ ಕೊಟ್ಟರು. ಭಾರವನ್ನು ಹೊರುವವನ ಬಲಕ್ಕೆ ಅನುಸಾರವಾಗಿ ಹೇರುವ ಈ ಕ್ರಮವು ಅನುಕರಣೀಯ.

೫

ಮೂರನೆಯ ಪ್ರಶ್ನೆಯು ಸ್ಥಳ ಮತ್ತು ಕಾಲಗಳನ್ನು ಕುರಿತದ್ದು. ಇಲ್ಲಿ ನನ್ನ ಅನುಭವಕ್ಕೆ ಬಂದ ಒಂದು ಸಂಗತಿಯನ್ನು ಹೇಳಲು ವಾಚಕರ ಅನುಮತಿಯನ್ನು ಬೇಡುತ್ತೇನೆ. ನನ್ನ ಬಂಧುವರ್ಗದಲ್ಲಿ ಅಕ್ಕನ ಸಮಾನರಾದ ಒಬ್ಬರಿಗೆ ಈ ವ್ಯಾಧಿಯಿದೆ. ಒಮ್ಮೆ ಅವರನ್ನು ದೂರದ ನಗರವೊಂದರ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಹೊತ್ತು, ನುಣುಪಾದ ನೆಲದ ಉದ್ದನೆಯ ಹಜಾರ, ಸುತ್ತಲೂ ಮೌನ. ಅವರು ನೇರವಾಗಿ ನಡೆದರು. ನಡಿಗೆಯು ಸಮರ್ಪಕವಾಗಿದೆಯೆಂದು ಚೀಟಿಯಲ್ಲಿ ಬರೆದುಕೊಟ್ಟರು. ಮಾರನೆಯ ಮಧ್ಯಾಹ್ನ ಚಳ್ಳಕೆರೆಯ ಪೇಟೆಯಲ್ಲಿ ನಾವು ರಸ್ತೆಯನ್ನು ದಾಟುತ್ತಿದ್ದಾಗ ಪರಿಚಿತರೊಬ್ಬರು ಎದುರಾಗಿ ಮಗನ ಪರೀಕ್ಷೆಯ ವಿಚಾರವನ್ನು ಕೇಳಿದರು. ಅಕ್ಕ ಉತ್ತರವನ್ನು ಕೊಡಲಿಲ್ಲ; ನಡುರಸ್ತೆಯಲ್ಲಿಯೇ ನಿಂತರು. ಹಿಂದಿನಿಂದ ಆಟೋರಿಕ್ಷಾ ಕೂಗುತ್ತಿತ್ತು. ಕೇಳಿದವರು ಇದನ್ನು ಅಹಂಕಾರವೆಂದು ತಿಳಿದು ಮುಖ ತಿರುಗಿಸಿ ಹೋದರು. ಕೈಹಿಡಿದು ಆಚೆಗೆ ಕರೆತಂದ ಮೇಲೆ ಅವರು ಹೇಳಿದ ಮಾತು ಇಷ್ಟೆ: “ಮಾತಾಡಿದ್ರೆ ಹೆಜ್ಜೆ ಬರಲ್ಲ, ಹೆಜ್ಜೆ ಇಟ್ರೆ ಮಾತು ಬರಲ್ಲ ಕಣಪ್ಪ. ಒಂದೊಂದೇ ಆದ್ರೆ ಎರಡೂ ಬರುತ್ತೆ.”

ನಾನು ಓದಿದ ಸಂಶೋಧನಾಲೇಖನಗಳೆಲ್ಲವೂ ಹೇಳಲು ಯತ್ನಿಸುವುದು ಈ ಒಂದು ವಾಕ್ಯವನ್ನೇ. ಚೀಟಿಯಲ್ಲಿ ಬರೆದುದು ಸುಳ್ಳಲ್ಲ. ಅದು ಒಂದು ಹಜಾರದ, ಒಂದು ಬೆಳಗಿನ ಸತ್ಯ. ಅದನ್ನು ಎಲ್ಲ ಹೊತ್ತಿನ ಸತ್ಯವೆಂದು ಓದಿಕೊಂಡುದರಲ್ಲಿ ತಪ್ಪಿದೆ.

ಹೊತ್ತಿನ ವಿಚಾರವು ಈ ರೋಗದಲ್ಲಿ ಸಣ್ಣದಲ್ಲ. ಶರೀರಶ್ರಮದಿಂದ ರೋಗಿಯ ದೃಷ್ಟಿಯು ತಾತ್ಕಾಲಿಕವಾಗಿ ಮಂದವಾಗುವುದನ್ನು ೧೮೯೦ರಲ್ಲಿ ಜರ್ಮನಿಯ ಉಟ್‌ಹಾಫ್ ವರ್ಣಿಸಿದನು. ದೇಹದ ಉಷ್ಣತೆಯು ಏರಿದಾಗ ಹೊದಿಕೆ ಕಳಚಿದ ತಂತುಗಳಲ್ಲಿ ಸಂದೇಶವು ತಡೆಯುತ್ತದೆ. ದೃಷ್ಟಿ, ಬಲ, ನಡಿಗೆ ಎಲ್ಲವೂ ಕೆಲವು ಕಾಲ ಕುಂದುತ್ತವೆ ಎಂಬುದು ಅನಂತರ ಸ್ಪಷ್ಟವಾಯಿತು. ಚಳ್ಳಕೆರೆ, ಮೊಳಕಾಲ್ಮೂರುಗಳು ಕರ್ನಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಇಲ್ಲಿನ ಚೈತ್ರ ವೈಶಾಖಗಳ ಮಧ್ಯಾಹ್ನವನ್ನು ಬೆಂಗಳೂರಿನ ಆಸ್ಪತ್ರೆಯ ತಂಪಾದ ಕೊಠಡಿಯು ಊಹಿಸಲಾರದು. ಸುಮಾರು ೨೦೦ ಕಿಲೊಮೀಟರು ಪ್ರಯಾಣ ಮಾಡಿ ಹೋದ ರೋಗಿಯನ್ನು ಬೆಳಗ್ಗೆ ಹತ್ತು ಗಂಟೆಗೆ ಪರೀಕ್ಷಿಸಿದ ಫಲವು, ಅವನು ತನ್ನ ಊರಿನಲ್ಲಿ ಹಗಲು ಮೂರು ಗಂಟೆಗೆ ಹೇಗೆ ನಡೆದಾನೆಂಬುದಕ್ಕೆ ದುರ್ಬಲವಾದ ಸಾಕ್ಷ್ಯ.

ನೀರಿನ ವಿಚಾರವೂ ಇದೆ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವು ಅಧಿಕವಾಗಿರುವ ಊರುಗಳು ಅನೇಕ. ಬಹುಕಾಲ ಅಂಥ ನೀರನ್ನು ಕುಡಿದವರ ಮೂಳೆಗಳು ದಪ್ಪವಾಗಿ, ಕೀಲುಗಳು ಬಿಗಿದು, ಬೆನ್ನುಹುರಿಯು ಒತ್ತಲ್ಪಟ್ಟು ನಡಿಗೆಯು ಕೆಡುತ್ತದೆ. ದಕ್ಷಿಣ ಭಾರತದಲ್ಲಿ ಈ ವಿಕಾರವನ್ನು ೧೯೩೭ರಲ್ಲಿ ನೆಲ್ಲೂರು ಪ್ರಾಂತದಿಂದ ಷಾರ್ಟ್ ಮತ್ತು ಸಂಗಡಿಗರು ವರದಿಮಾಡಿದರು. ಪರಿಣಾಮವೇನೆಂದರೆ, ಬಿಗಿಯಾದ ನಡಿಗೆಯನ್ನು ಕಂಡ ಕೂಡಲೆ ‘ನೀರಿನ ದೋಷ’ವೆಂದು ಕೈತೊಳೆದುಕೊಳ್ಳುವುದು ಇಲ್ಲಿ ಸುಲಭ. ಇದರಿಂದ ಯೌವನದಲ್ಲಿಯೇ ಬರುವ ಈ ಇನ್ನೊಂದು ವ್ಯಾಧಿಯು ವರ್ಷಗಟ್ಟಲೆ ಗುರುತಿಸಲ್ಪಡದೆ ಉಳಿಯಬಹುದು. ನಡಿಗೆಯೊಡನೆ ಮಾತನ್ನೂ ಕೊಟ್ಟು ನೋಡುವ ಪರೀಕ್ಷೆಯು ರೋಗನಿರ್ಣಯವನ್ನು ಮಾಡಲಾರದು. ಆದರೆ ಕೀಲು ಮಾತ್ರ ಕೆಟ್ಟಿದೆಯೋ, ಗಮನದ ಮೇಲೆಯೂ ಭಾರ ಬಿದ್ದಿದೆಯೋ ಎಂಬ ಸಂದೇಹವನ್ನಾದರೂ ಎಬ್ಬಿಸಬಲ್ಲುದು. ಆ ಸಂದೇಹವೇ ಎಷ್ಟೋ ವೇಳೆ ರೋಗಿಯನ್ನು ತಕ್ಕ ವೈದ್ಯನ ಬಳಿಗೆ ಕೊಂಡೊಯ್ಯುತ್ತದೆ.

೬

ಇಷ್ಟು ಆಕ್ಷೇಪಣೆಗಳಿಗೆ ಉತ್ತರವಿಲ್ಲದೆ ಇಲ್ಲ. ಪರೀಕ್ಷೆಯು ಎಲ್ಲೆಡೆಯಲ್ಲಿಯೂ ಏಕರೂಪವಾಗಿರದಿದ್ದರೆ ಗ್ಲಾಸ್ಗೋವಿನ ಅಂಕೆಯನ್ನು ಮಂಗಳೂರಿನ ಅಂಕೆಯೊಡನೆ ಹೋಲಿಸುವುದು ಹೇಗೆ? ಸಂತೆಯ ಗದ್ದಲವನ್ನು ಅಳೆಯುವ ಮಾನವೆಲ್ಲಿದೆ? ಎಂದು ವೈದ್ಯರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಸಮಾನವಾದ ಮಾನದಂಡವಿಲ್ಲದೆ ಶಾಸ್ತ್ರವು ಬೆಳೆಯಲಾರದೆಂಬುದನ್ನು ಶಾಸನಗಳ ಲಿಪಿಕಾಲವನ್ನು ನಿರ್ಣಯಿಸುವ ನಾವೂ ಬಲ್ಲೆವು. ಆದುದರಿಂದ ಹಳೆಯ ಪರೀಕ್ಷೆಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದನ್ನು ಇಡಬೇಕೆಂದು, ಎರಡಕ್ಕೂ ಸಂದರ್ಭವನ್ನು ಬರೆಯಬೇಕೆಂದು ಹೇಳುತ್ತಿದ್ದೇನೆ.

ಇದು ಅಸಾಧ್ಯವಲ್ಲವೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೦೪ರಲ್ಲಿ ಹೊರತಂದ ಮನಶ್ಶಕ್ತಿಯ ಪರೀಕ್ಷಾಮಾಲೆಯಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಸಾರವಾಗಿ ಬೇರೆ ಬೇರೆ ಮಾನಗಳನ್ನು ಕೊಟ್ಟಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಯಸ್ಸಾಗುತ್ತಿರುವವರ ಮನಶ್ಶಕ್ತಿಯನ್ನು ದೀರ್ಘಕಾಲ ಅನುಸರಿಸಿ ನೋಡುವ ಕಾರ್ಯವನ್ನು ಕೈಗೊಂಡು, ಓದುಬರಹ ಬಾರದವರಿಗೂ ಸಲ್ಲುವಂತೆ ಪರೀಕ್ಷೆಗಳನ್ನು ಹೊಂದಿಸಿಕೊಂಡಿದ್ದಾರೆ. ಕುಳಿತವರ ಮನಸ್ಸಿಗೆ ಮಾಡಿದ ಈ ನ್ಯಾಯವನ್ನು ನಡೆಯುವವರ ಮನಸ್ಸಿಗೂ ವಿಸ್ತರಿಸಬಹುದು.

ಈ ವ್ಯಾಧಿಯು ನಮ್ಮಲ್ಲಿ ವಿರಳ, ಇಷ್ಟು ಶ್ರಮವೇತಕ್ಕೆ ಎಂದೂ ಕೇಳುವವರಿದ್ದಾರೆ. ಡಾ. ಲೇಖಾ ಪಂಡಿತ್ ಮತ್ತು ಅವರ ಸಹೋದ್ಯೋಗಿ ಮಂಗಳೂರು ನಗರದಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಗಣನೆಯಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿ ರೋಗಿಗಳು ಕಂಡುಬಂದರು. ಯೂರೋಪಿನ ಉತ್ತರದೇಶಗಳಿಗೆ ಹೋಲಿಸಿದರೆ ಇದು ಕಡಿಮೆ. ಆದರೆ ವಿರಳವಾದುದೇ ಇಲ್ಲಿ ಅಪಾಯ. ತಾಲ್ಲೂಕಿನ ವೈದ್ಯನು ವರ್ಷಗಳಿಗೊಮ್ಮೆ ಇಂಥ ರೋಗಿಯನ್ನು ಕಾಣಬಹುದು. ಆಗ ಅವನ ಕೈಯಲ್ಲಿರುವ ಅಳತೆಯು ಒರಟಾಗಿದ್ದರೆ ರೋಗಿಯು ಮತ್ತೆ ಗುಂಪಿನಲ್ಲಿ ಮರೆಯಾಗುತ್ತಾನೆ. ನರರೋಗಗಳು ನಗರದ ಸ್ವತ್ತೆಂಬ ಭಾವನೆಯೂ ತಪ್ಪು. ಗೌರೀದೇವಿ ಅವರ ನೇತೃತ್ವದಲ್ಲಿ ಬೆಂಗಳೂರು ಪ್ರದೇಶದ ೧,೦೨,೫೫೭ ಜನರನ್ನು ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಒಟ್ಟು ನರರೋಗಗಳ ಪ್ರಮಾಣವು ನಗರದಲ್ಲಿ ಲಕ್ಷಕ್ಕೆ ೨,೧೯೦ ಇದ್ದರೆ ಗ್ರಾಮಗಳಲ್ಲಿ ೪,೦೭೦ ಇತ್ತು.

ಇದೆಲ್ಲವೂ ಪಂಡಿತರ ಚರ್ಚೆಯಷ್ಟೇ ಆಗಿದ್ದರೆ ಲೇಖನವನ್ನು ಬರೆಯುವ ಅವಶ್ಯಕತೆ ಇರುತ್ತಿರಲಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಲ್ಟಿಪಲ್ ಸ್ಕ್ಲೆರೋಸಿಸನ್ನು ೨೧ ಬಗೆಯ ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಮೀಸಲಾತಿಯೇ ಮೊದಲಾದ ಮುಖ್ಯ ಸೌಲಭ್ಯಗಳಿಗೆ ಶೇಕಡ ೪೦ರ ವೈಕಲ್ಯವು ಪ್ರಮಾಣಿತವಾಗಬೇಕು. ಈ ರೋಗದ ತೀವ್ರತೆಯನ್ನು ಹೇಳಲು ಲೋಕದಲ್ಲೆಲ್ಲ ಬಳಸುವುದು ಕುರ್ಟ್ಸ್‌ಕೆ ಎಂಬ ವೈದ್ಯನು ೧೯೮೩ರಲ್ಲಿ ಪರಿಷ್ಕರಿಸಿದ, ಸೊನ್ನೆಯಿಂದ ಹತ್ತರವರೆಗಿನ ಶ್ರೇಣಿ. ಅದರ ನಡುಭಾಗವು ರೋಗಿಯು ಸಹಾಯವಿಲ್ಲದೆ ೫೦೦ ಮೀಟರು ನಡೆದನೋ, ೧೦೦ ಮೀಟರಿಗೆ ಕೋಲನ್ನು ಬೇಡಿದನೋ ಎಂಬುದರ ಮೇಲೆ ನಿಂತಿದೆ. ನಡೆಯುವಾಗ ಅವನು ಏನನ್ನು ಯೋಚಿಸಬಲ್ಲನೆಂದು ಅದು ಕೇಳುವುದಿಲ್ಲ. ಮೌನದಲ್ಲಿ ೫೦೦ ಮೀಟರು ನಡೆಯಬಲ್ಲ, ಆದರ ಬಸ್ ನಿಲ್ದಾಣದಲ್ಲಿ ಹಲಗೆಯನ್ನು ಓದುತ್ತ ಹತ್ತು ಹೆಜ್ಜೆಯಿಡಲಾರದ ಮನುಷ್ಯನಿಗೆ ಆ ಶ್ರೇಣಿಯಲ್ಲಿ ಸ್ಥಳವಿಲ್ಲ.

೭

ಈ ವಿಮರ್ಶೆಯಿಂದ ಹೊರಡುವ ಸಲಹೆಗಳು ಕೆಲವೇ. ಮೊದಲನೆಯದಾಗಿ, ನಡಿಗೆ ಮತ್ತು ಲೆಕ್ಕ ಎರಡರ ಫಲವನ್ನೂ ಒಟ್ಟಿಗೂ ಬೇರೆಬೇರೆಯಾಗಿಯೂ ಬರೆಯಬೇಕು: ಕುಳಿತು ಮಾಡಿದ ಲೆಕ್ಕ, ಸುಮ್ಮನೆ ನಡೆದ ನಡಿಗೆ, ಕೂಡಿಸಿ ಮಾಡಿದ ಎರಡೂ. ಎರಡನೆಯದಾಗಿ, ಶೇಕಡಾವಾರು ಅಂಕೆಯೊಡನೆ ಸೆಕೆಂಡುಗಳನ್ನೂ ಬಿಡದೆ ಕೊಡಬೇಕು. ಮೂರನೆಯದಾಗಿ, ಓದುಬರಹದ ಹಂಗಿಲ್ಲದ ಕೆಲಸವನ್ನು ಸೇರಿಸಬೇಕು. ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳುವುದು, ಅಂಗಡಿಯಿಂದ ತರಬೇಕಾದ ಸಾಮಾನುಗಳ ಸಾಲನ್ನು ಕೇಳಿ ನಡೆದ ಮೇಲೆ ಒಪ್ಪಿಸುವುದು ಮೊದಲಾದವು ಇದಕ್ಕೆ ತಕ್ಕುವು. ಆ ಸಾಲಿನ ಉದ್ದವನ್ನು ಪ್ರತಿಯೊಬ್ಬರ ಶಕ್ತಿಗೆ ಹೊಂದಿಸಬೇಕು. ನಾಲ್ಕನೆಯದಾಗಿ, ರೋಗಿಗೆ ಸಾಧ್ಯವಿದ್ದರೆ ಅವನ ಊರಿನಲ್ಲಿಯೇ, ಬಿಸಿಲಿನ ಹೊತ್ತಿನಲ್ಲಿ, ಜೊತೆಗೊಬ್ಬರು ಕಾವಲಿದ್ದು ಒಮ್ಮೆ ನೋಡಬೇಕು. ಐದನೆಯದಾಗಿ, ಮನೆಯವರ ಮಾತನ್ನು ಕೇಳಬೇಕು. ಯಾವ ಬೀದಿಯಲ್ಲಿ, ಯಾರು ಏನನ್ನು ಕೇಳಿದಾಗ ನಿಂತುಬಿಟ್ಟರು ಎಂಬುದನ್ನು ಅವರು ಬಲ್ಲರು. ಉಮಿಯೊದ ಸಂಶೋಧಕರು ಕಂಡುದೂ ಇದನ್ನೇ.

ಮನೆಯವರಿಗೂ ಇದರಲ್ಲಿ ಕಲಿಯುವ ಸಂಗತಿಯಿದೆ. ರಸ್ತೆಯನ್ನು ದಾಟುವಾಗ ಪ್ರಶ್ನೆ ಕೇಳದಿರುವುದು, ಉತ್ತರವು ಬೇಕಾದರೆ ಒಂದು ಬದಿಗೆ ನಿಲ್ಲಿಸಿ ಕೇಳುವುದು, ನಿಂತವರನ್ನು ಸೋಮಾರಿಯೆಂದೋ ಜಂಬದವರೆಂದೋ ತಿಳಿಯದಿರುವುದು. ಇದಕ್ಕೆ ಯಾವ ಆಸ್ಪತ್ರೆಯೂ ಬೇಕಾಗಿಲ್ಲ.

ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನೆಂಬವನು ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಕೊಟ್ಟು, ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಮಾತಿನಿಂದ, ಬರೆದ ಕೈಯು ಎಲ್ಲಿ ತರಬೇತಿ ಪಡೆದುದೆಂಬುದು ನಮಗೆ ತಿಳಿಯುತ್ತದೆ. ನಡಿಗೆಯ ಅಳತೆಯನ್ನು ಬರೆಯುವವರೂ ಇಷ್ಟನ್ನು ಮಾಡಿದರೆ ಸಾಕು: ಅಂಕೆಯ ಕೆಳಗೆ ಕೇಳಿದವನು ಯಾರು, ಯಾವ ಭಾಷೆಯಲ್ಲಿ ಕೇಳಿದನು, ಯಾವ ನೆಲದ ಮೇಲೆ, ಯಾವ ಹೊತ್ತಿನಲ್ಲಿ ಎಂಬುದನ್ನು ಬರೆಯಲಿ. ಆಗ ನಮ್ಮ ಅಕ್ಕನಂಥವರ ಚೀಟಿಯಲ್ಲಿ ‘ನಡಿಗೆಯು ಸಮರ್ಪಕ’ ಎಂಬುದರ ಪಕ್ಕದಲ್ಲಿ ‘ಮೌನದಲ್ಲಿ’ ಎಂಬ ಒಂದು ಪದವು ಸೇರೀತು. ಸತ್ಯಕ್ಕೂ ಅವರಿಗೂ ಆ ಒಂದು ಪದದಿಂದ ಆಗುವ ಉಪಕಾರವು ಕಡಿಮೆಯದಲ್ಲ.